ಬಾಗಿಲು ತೆರೆದವರು, ಬಾಗಿಲಾಚೆ ಹೋದವರು

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)

ಗೆಳೆಯರೆ,

'ನಾನ್‌ಕಿಂಗ್' ಅನ್ನೋ ಸಾಕ್ಷ್ಯಚಿತ್ರವನ್ನು ಈಗ ತಾನೇ ಒಟ್ಟಿಗೆ ಕೂತು ನೋಡಿದ್ವಿ. ಅಮೆರಿಕದವರು 2007ರಲ್ಲಿ ತೆಗೆದ ಚಿತ್ರ. ಅದರಲ್ಲಿ ಒಬ್ಬ ಮುದುಕ ತನ್ನ ತಾಯಿಯ ಕತೆ ಹೇಳ್ತಾನೆ. ಬಯೋನೆಟ್ಟಿನ ತಿವಿತಕ್ಕೆ ಸಿಕ್ಕ ಆ ತಾಯಿ, ಸಾಯುವ ಮುಂಚೆ ಹಸುಗೂಸಿಗೆ ಎದೆ ಕೊಟ್ಟಳಂತೆ. ಅಲ್ಲಿ ನಮ್ಮಲ್ಲಿ ಯಾರೂ ಉಸಿರೆತ್ತಲಿಲ್ಲ.

1937ರ ಡಿಸೆಂಬರ್ 13ರಂದು ಜಪಾನಿನ ಸೈನ್ಯ ಚೀನಾದ ನಾನ್‌ಕಿಂಗ್ ಪಟ್ಟಣಕ್ಕೆ ನುಗ್ಗಿತು. ಆರು ವಾರ ಕೊಲೆ, ಅತ್ಯಾಚಾರ, ಬೆಂಕಿ. ಸತ್ತವರು 2 ಲಕ್ಷಕ್ಕೂ ಹೆಚ್ಚು ಎಂದಿತು ಟೋಕಿಯೋದ ಯುದ್ಧಾಪರಾಧ ನ್ಯಾಯಾಲಯ. ಚೀನಾ ಹೇಳುವ ಲೆಕ್ಕ 3 ಲಕ್ಷ. ದುಡ್ಡಿದ್ದವರು ಮೊದಲೇ ಊರು ಬಿಟ್ಟಿದ್ದರು. ಉಳಿದವರಲ್ಲಿ ಬಡವರೇ ಹೆಚ್ಚು.

ಇಪ್ಪತ್ತು ಚಿಲ್ಲರೆ ವಿದೇಶೀಯರು ಓಡದೆ ನಿಂತರು. ಸುಮಾರು 4 ಚದರ ಕಿಲೋಮೀಟರ್ ಜಾಗವನ್ನು ರಕ್ಷಣಾ ವಲಯ ಎಂದು ಸಾರಿ ಲಕ್ಷಾಂತರ ಜನಕ್ಕೆ ಆಸರೆ ಕೊಟ್ಟರು. ಅವರ ಮುಖಂಡ ಜಾನ್ ರಾಬೆ. ಅವನು ಹಿಟ್ಲರನ ನಾಜಿ ಪಕ್ಷದ ಸದಸ್ಯ! ಯೆಹೂದಿಗಳನ್ನು ತುಳಿಯುತ್ತಿದ್ದ ಅದೇ ಬಾವುಟ ತೋರಿಸಿ ಚೀನೀಯರನ್ನು ಉಳಿಸಿದ. ಮನುಷ್ಯ ಅಷ್ಟು ಸುಲಭಕ್ಕೆ ಅರ್ಥ ಆಗೋದಿಲ್ಲ.

ಮಿನ್ನಿ ವಾಟ್ರಿನ್ ಎಂಬ ಅಮೆರಿಕದ ಹೆಣ್ಣುಮಗಳು ಗಿನ್‌ಲಿಂಗ್ ಮಹಿಳಾ ಕಾಲೇಜಿನಲ್ಲಿ 10,000 ಹೆಂಗಸರು ಮಕ್ಕಳಿಗೆ ಜಾಗ ಕೊಟ್ಟಳು. ಗೇಟಿನಿಂದ ಗೇಟಿಗೆ ಓಡಿ ಸೈನಿಕರನ್ನು ತಡೆದಳು. ಆಕೆಗೆ ನಾವು ಕೈ ಮುಗೀತೀವಿ.

ಆದರೆ ಡಿಸೆಂಬರ್ 24ರ ಸಂಗತಿಯನ್ನೂ ಆಕೆಯೇ ದಿನಚರಿಯಲ್ಲಿ ಬರೆದಿದ್ದಾಳೆ. ಸೈನ್ಯಕ್ಕೆ 100 ವೇಶ್ಯೆಯರು ಬೇಕೆಂದು ಅಧಿಕಾರಿ ಬಂದ. ಮರ್ಯಾದಸ್ಥ ಹೆಂಗಸರನ್ನು ಮುಟ್ಟುವುದಿಲ್ಲ ಎಂಬ ಮಾತಿನ ಮೇಲೆ ಆಕೆ ಒಪ್ಪಿದಳು. ಕೊನೆಗೆ ಅವರಿಗೆ ಸಿಕ್ಕವರು 21 ಜನ.

ಗೆಳೆಯರೆ, ಆ 21 ಜನರೂ ಜೀವ ಉಳಿಸಿಕೊಳ್ಳಲಿಕ್ಕೇ ಆ ಗೇಟಿನೊಳಗೆ ಬಂದಿದ್ದವರಲ್ವಾ? 'ಮರ್ಯಾದಸ್ಥರು' ಅನ್ನೋ ಮಾತು ಯಾರನ್ನು ಒಳಗಿಡುತ್ತೆ, ಯಾರನ್ನು ಹೊರಗೆ ಹಾಕುತ್ತೆ ಅಂತ ಊರಾಚೆ ಕೇರಿಯಲ್ಲಿ ಹುಟ್ಟಿದ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ವಾಟ್ರಿನ್ ಮನಸ್ಸು ಮುರಿದು 1941ರಲ್ಲಿ ತನ್ನ ಪ್ರಾಣ ತಾನೇ ಕಳೆದುಕೊಂಡಳು. ಆಕೆಯನ್ನು ಕಟಕಟೆಗೆ ನಿಲ್ಲಿಸೋದು ನಮ್ಮ ಉದ್ದೇಶ ಅಲ್ಲ. ಬಂದೂಕು ಹಿಡಿದಿದ್ದವಳು ಆಕೆ ಅಲ್ಲ.

ಇನ್ನೊಂದು ಮಾತು. ಈ ಚಿತ್ರ ಬಹುಪಾಲು ನಿಂತಿರುವುದು ವಿದೇಶೀಯರ ಕಾಗದ, ದಿನಚರಿಗಳ ಮೇಲೆ. ಅದೇ ಕಾಲೇಜಿನ ಹಾಸ್ಟೆಲ್ ಮೇಲ್ವಿಚಾರಕಿ ಚೆಂಗ್ ರುಯ್‌ಫಾಂಗ್, ಅರವತ್ತು ದಾಟಿದ ಚೀನೀ ಮುದುಕಿ, ವಾಟ್ರಿನ್ ಜೊತೆಗೇ ಹಗಲೂ ರಾತ್ರಿ ದುಡಿದಳು. ಅವಳನ್ನು ಕಾಯಲು ಯಾವ ದೇಶದ ಬಾವುಟವೂ ಇರಲಿಲ್ಲ. ಅವಳೂ ದಿನಚರಿ ಬರೆದಳು. ಅದು ದಾಖಲೆಗಳ ರಾಶಿಯಿಂದ ಹೊರಬಂದದ್ದು 2001ರಲ್ಲಿ.

ಅದಕ್ಕೇ ಹೇಳ್ತೀವಿ: ಕಾಪಾಡಿದವರನ್ನು ನೆನೆಯೋಣ. ಜೊತೆಗೆ ಹೆಸರಿಲ್ಲದೆ ಗೇಟು ದಾಟಿ ಹೋದ ಆ 21 ಜನರನ್ನೂ ಎಣಿಸೋಣ. ಕಂಡದ್ದನ್ನು ಬರೆದಿಡೋಣ, ನಮ್ಮ ಕೈಯಿಂದಲೇ.

ಜೈ ಭೀಮ್.