ಕರುವಿನ ಹುಳುಕಡ್ಡಿಯೂ ಮಕ್ಕಳ ಹುಳುಕಡ್ಡಿಯೂ



ಹೊರನಾಡು, ಕಳಸ, ಮೂಡಿಗೆರೆ ಸೀಮೆಯ ತೋಟಗಾರರಿಗೆ ಕಾಫಿ ಎಲೆಯ ತುಕ್ಕುರೋಗವು ಹೊಸದಲ್ಲ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರವು ಈ ರೋಗದ ವಿಷಯದಲ್ಲಿ ಬಹುಕಾಲ ಶೋಧನೆ ನಡೆಸಿದೆ. ತುಕ್ಕುರೋಗಕ್ಕೆ ಕಾರಣವು ಒಂದು ಶಿಲೀಂಧ್ರ, ಎಂದರೆ ಬೂಷ್ಟಿನ ಜಾತಿಯ ಜೀವಿ. ಇಂತಹುದೇ ಬೇರೆ ಜೀವಿಗಳು ಕೊಟ್ಟಿಗೆಯ ಕರುವಿನಿಂದಲೂ ಒಲೆಯ ಬಳಿಯ ಬೆಕ್ಕಿನಿಂದಲೂ ಮನುಷ್ಯರಿಗೆ ಹತ್ತುವುವೆಂಬುದನ್ನು ಅನೇಕರು ಅರಿಯರು. ಈ ರೋಗವೇ ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಹುಳು ಕಾರಣವಲ್ಲ. ದನಗಳಲ್ಲಿ ಟ್ರೈಕೊಫೈಟಾನ್ ವೆರುಕೋಸಂ, ಬೆಕ್ಕು ನಾಯಿಗಳಲ್ಲಿ ಮೈಕ್ರೊಸ್ಪೋರಂ ಕ್ಯಾನಿಸ್ ಎಂಬ ಶಿಲೀಂಧ್ರಗಳು ಮುಖ್ಯ ಕಾರಣಗಳು.

ರೋಗ ಹತ್ತಿದ ಕರುವಿನ ಕಣ್ಣಿನ ಸುತ್ತ, ಕಿವಿ, ಕತ್ತುಗಳಲ್ಲಿ ಕೂದಲುದುರಿ ಬೂದುಬಣ್ಣದ ಹೆಕ್ಕಳೆ ಕಟ್ಟುವುದು. ಬೆಕ್ಕಿನಲ್ಲಾದರೋ ಒಮ್ಮೊಮ್ಮೆ ಯಾವ ಗುರುತೂ ಕಾಣದು. ಮನುಷ್ಯರಲ್ಲಿ ಅಂಚು ಕೆಂಪಾದ, ತುರಿಸುವ ಉಂಗುರದಂತಹ ಕಲೆಗಳೆದ್ದು, ಮಕ್ಕಳ ತಲೆಗೆ ಹತ್ತಿದರೆ ಕೂದಲು ಉದುರುವುದು.

ಕರುವಿನ ರೋಗವು ಕೆಲವು ತಿಂಗಳುಗಳಲ್ಲಿ ಸಾಮಾನ್ಯವಾಗಿ ತಾನೇ ವಾಸಿಯಾಗುವುದರಿಂದ ರೈತರು ಉದಾಸೀನ ಮಾಡುವರು. ಆದರೆ ಅಷ್ಟರೊಳಗೆ ಅದು ಬೇರೆ ಕರುಗಳಿಗೂ, ಅದನ್ನು ಅಪ್ಪಿಕೊಂಡು ಆಡುವ ಮಗುವಿಗೂ ಹತ್ತಿರುವುದು. ಉದುರಿದ ಕೂದಲು ಹೆಕ್ಕಳೆಗಳಲ್ಲಿನ ಬೀಜಕಣಗಳು ಗೊಂತು, ಕಂಬ, ಹಗ್ಗಗಳಲ್ಲಿ ಬಹು ತಿಂಗಳು ಜೀವದಿಂದಿರುವುವು. ಮಗುವಿಗೆ ಮಾತ್ರ ಔಷಧಿ ಮಾಡಿ ಕರುವನ್ನು ಮರೆತರೆ ರೋಗವು ಮರಳಿ ಬರುವುದು. ಮಳೆಗಾಲದಲ್ಲಿ ಬಿಸಿಲು ಕಾಣದ ಮಲೆನಾಡಿನ ಕೊಟ್ಟಿಗೆಗಳಲ್ಲಿ ತೇವವೂ ಇಕ್ಕಟ್ಟೂ ರೋಗಕ್ಕೆ ಅನುಕೂಲವಾಗುವುವು.

ಆದುದರಿಂದ ರೋಗದ ಕರುವನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತೋರಿಸತಕ್ಕದ್ದು. ಅದರ ಹಗ್ಗ, ಉಜ್ಜುವ ಬ್ರಷ್ಷುಗಳನ್ನು ಬೇರೆ ದನಕ್ಕೆ ಬಳಸಕೂಡದು. ಹಾಸಿದ ಸೊಪ್ಪನ್ನು ಆಗಾಗ ತೆಗೆದು, ದನಗಳನ್ನು ಹೊರಗೆ ಕಟ್ಟಿ, ಕೊಟ್ಟಿಗೆಯ ಸಗಣಿಯನ್ನು ಪೂರಾ ತೊಳೆದ ಮೇಲೆಯೇ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಬ್ಲೀಚಿಂಗ್ ಪುಡಿಯ ನೀರನ್ನು ಹಾಕಬೇಕು. ಸಗಣಿಯಿದ್ದರೆ ಆ ನೀರಿನ ಶಕ್ತಿ ಕುಂದುವುದು. ದನ, ಬೆಕ್ಕು, ನಾಯಿಗಳನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಎಲ್ಲರಿಗೂ ಹಿತ.

ಮೈಮೇಲೆ ಕಲೆ ಕಂಡವರು ವೈದ್ಯರ ಬಳಿಗೆ ಹೋಗಿ, ಮನೆಯಲ್ಲಿ ಸಾಕಿದ ಪ್ರಾಣಿಗಳ ವಿಷಯವನ್ನೂ ತಿಳಿಸಬೇಕು. ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಬೆರೆತ ಮುಲಾಮು ತುರಿಕೆಯನ್ನಡಗಿಸಿ ರೋಗವನ್ನು ಹರಡಿಸುವುದು. ತಲೆಯ ಹುಳುಕಡ್ಡಿಗೆ ಮುಲಾಮು ಸಾಲದು. ಹೊಟ್ಟೆಗೂ ಔಷಧಿ ಬೇಕು. ಕಾಫಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಮಾತ್ರ ಮಕ್ಕಳ ಮೈಗಾಗಲಿ ದನದ ಮೈಗಾಗಲಿ ಎಂದಿಗೂ ಹಚ್ಚಕೂಡದು.

ರೋಗಕ್ಕೆ ಹೆದರಿ ಬೆಕ್ಕನ್ನು ಕಾಡಿಗಟ್ಟುವುದೂ ಕರುವನ್ನು ಮಾರುವುದೂ ಬೇಡ. ಮಾರಿದ ಕರುವಿನೊಡನೆ ರೋಗವೂ ಇನ್ನೊಂದು ಮನೆಗೆ ಹೋಗುವುದು. ಮಳೆಗೆ ಮುಂಚೆ ಕಾಫಿಯ ಎಲೆಯನ್ನು ತಿರುವಿ ನೋಡುವ ತೋಟಗಾರನು ಕರುವಿನ ಕಿವಿಯನ್ನೂ ಒಮ್ಮೆ ತಿರುವಿ ನೋಡಲಿ.