ಒಂದು ರೊಟ್ಟಿಗಾಗಿ ಒಲೆ ಹಚ್ಚುವುದೇ?

ಬನ್ನಿ ಮಕ್ಕಳೇ, ಮೊದಲು ಅಡುಗೆಮನೆಗೆ ಹೋಗೋಣ. ಅಜ್ಜಿ ಸೌದೆ ಜೋಡಿಸಿ, ಊದಿ ಊದಿ ಒಲೆ ಹಚ್ಚಿದ್ದಾಳೆ. ಹೆಂಚು ಕಾಯಲು ಹೊತ್ತು ಹಿಡಿಯುತ್ತದೆ. ಇಷ್ಟೆಲ್ಲ ಮಾಡಿ ಒಂದೇ ಒಂದು ಜೋಳದ ರೊಟ್ಟಿ ಬೇಯಿಸಿ ಒಲೆ ಆರಿಸುತ್ತಾಳೆಯೇ? ಇಲ್ಲ. ರೊಟ್ಟಿ ಒಂದಿರಲಿ, ಇಪ್ಪತ್ತಿರಲಿ, ಒಲೆ ಹಚ್ಚುವ ಕಷ್ಟ ಅಷ್ಟೇ. ಇದನ್ನು ನೆನಪಿಟ್ಟುಕೊಂಡು ನನ್ನ ಜೊತೆ ಹೊರಡಿ.

ರಾಯಚೂರಿನಿಂದ ಕೃಷ್ಣಾ ನದಿ ದಾಟಿದರೆ ತೆಲಂಗಾಣದ ಮಕ್ತಲ್, ನಾರಾಯಣಪೇಟೆ ಸಿಗುತ್ತವೆ. ಇನ್ನೊಂದು ಕಡೆ ಗದ್ವಾಲ. ನಾರಾಯಣಪೇಟೆಯೂ ಗದ್ವಾಲವೂ ಮಗ್ಗದ ಊರುಗಳು. ಗದ್ವಾಲದ ಸೀರೆಯನ್ನು ಮುಟ್ಟಿ ನೋಡಿದ್ದೀರಾ? ಒಡಲು ಹತ್ತಿ, ಅಂಚು ರೇಷ್ಮೆ. ಎರಡು ಬಗೆಯ ನೂಲನ್ನು ನೇಯುವಾಗಲೇ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ನನಗಂತೂ ಪ್ರತಿ ಸಲ ನೋಡಿದಾಗಲೂ ಅಚ್ಚರಿ!

ಆದರೆ ನೂಲು ಇವತ್ತೇ ಕೊಳ್ಳಬೇಕು, ಸೀರೆ ಮಾರಿ ದುಡ್ಡು ಬರುವುದು ಎಷ್ಟೋ ದಿನ ಬಿಟ್ಟು. ನಡುವೆ ಒಂದು ಹಳ್ಳ ಇದ್ದಂತೆ. ಆ ಹಳ್ಳ ದಾಟಲು ಹಾಕುವ ಹಲಗೆಯೇ ಸಾಲ.

ನೇಕಾರಳೊಬ್ಬಳು ಬ್ಯಾಂಕಿಗೆ ಹೋಗಿ 5,000 ರೂಪಾಯಿ ಕೇಳಿದಳು ಅನ್ನಿ. ವಿಚಾರಿಸಬೇಕು, ಕಾಗದ ಬರೆಯಬೇಕು, ಲೆಕ್ಕ ಇಡಬೇಕು. 5 ಲಕ್ಷ ಕೇಳುವವರಿಗೂ ಹೆಚ್ಚುಕಡಿಮೆ ಇದೇ ಕೆಲಸ. ಬ್ಯಾಂಕಿಗೆ ಬರುವ ಬಡ್ಡಿ ಮಾತ್ರ ನೂರು ಪಟ್ಟು ಹೆಚ್ಚು. ಗೊತ್ತಾಯಿತಲ್ಲ, ಒಂದು ರೊಟ್ಟಿಗೆ ಯಾರೂ ಒಲೆ ಹಚ್ಚಲಿಲ್ಲ! ಅಡ ಇಡಲು ಅವಳಲ್ಲಿ ಹೊಲವೂ ಇಲ್ಲ, ಬಂಗಾರವೂ ಇಲ್ಲ.

ಆಗ ಸಾಹುಕಾರರ ಮನೆ ಬಾಗಿಲು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ಕಡಿಮೆ ಅನ್ನಿಸುತ್ತದೆ. ಪೆನ್ಸಿಲ್ ತೆಗೆದುಕೊಳ್ಳಿ, ಹನ್ನೆರಡರಿಂದ ಗುಣಿಸಿ. ವರ್ಷಕ್ಕೆ 36!

ಹಾಗಾದರೆ ಇಪ್ಪತ್ತು ರೊಟ್ಟಿಯನ್ನು ಒಂದೇ ಒಲೆಗೆ ತರುವುದು ಹೇಗೆ? ಒಂದು ಓಣಿಯ ಹದಿನೈದು ಹೆಂಗಸರು ಜಮಖಾನದ ಮೇಲೆ ಕೂತಿದ್ದಾರೆ ಎಂದುಕೊಳ್ಳಿ. ಪ್ರತಿ ವಾರ ಒಬ್ಬೊಬ್ಬರು 20 ರೂಪಾಯಿ ಹಾಕಿದರೆ ವಾರಕ್ಕೆ 300. ವರ್ಷದ 52 ವಾರಕ್ಕೆ 15,600. ಬೇಕಾದವರು ಅದರಿಂದಲೇ ಸಾಲ ತೆಗೆದು, ತೀರಿಸಿ, ಮತ್ತೆ ಡಬ್ಬಿ ತುಂಬಿಸುತ್ತಾರೆ. ಇದೇ ಸ್ವಸಹಾಯ ಸಂಘ. ಬ್ಯಾಂಕು ಹದಿನೈದು ಮನೆ ಸುತ್ತಬೇಕಿಲ್ಲ, ಸಂಘಕ್ಕೆ ಒಂದೇ ಖಾತೆ ಸಾಕು. ಯಾರಿಗಾದರೂ ಕಟ್ಟಲಾಗದಿದ್ದರೆ, ಮಗುವಿಗೆ ಜ್ವರವೋ ಎಮ್ಮೆ ಬತ್ತಿದೆಯೋ ಎಂಬುದು ಪಕ್ಕದ ಮನೆಯವಳಿಗೆ ಗೊತ್ತೇ ಇರುತ್ತದೆ. ಅಡ ಇಡದಿದ್ದರೂ ಈ ಪರಿಚಯವೇ ಜಾಮೀನು. ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ ಎಂಬ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕು 1992ರಲ್ಲಿ 500 ಸಂಘಗಳ ಗುರಿಯಿಟ್ಟು ಶುರುಮಾಡಿತು.

ಇನ್ನೊಂದು ಉಪಾಯವನ್ನು ಇದೇ ಸೀಮೆಯಲ್ಲಿ ಮಾಡಿ ನೋಡಿದರು. ದೊಡ್ಡ ಒಲೆ ದುಬಾರಿಯಾದರೆ ಚಿಕ್ಕ ಒಲೆ ಹೂಡಬಹುದಲ್ಲವೇ? ಬೇಸಿಕ್ಸ್ ಎಂಬ ಸಂಸ್ಥೆ 2001ರಲ್ಲಿ ಒಂದು ಪುಟ್ಟ ಬ್ಯಾಂಕು ತೆರೆಯಿತು. ಅದು ದೇಶವೆಲ್ಲ ಹರಡುವಂತಿರಲಿಲ್ಲ. ಮೊದಲಿಗೆ ಅದರ ಅಂಗಳ ಮೂರೇ ಜಿಲ್ಲೆ: ಮಹಬೂಬನಗರ, ರಾಯಚೂರು, ಗುಲ್ಬರ್ಗ. ನಾವು ನೋಡಿದ ಮಕ್ತಲ್, ನಾರಾಯಣಪೇಟೆ, ಗದ್ವಾಲ ಮೂರೂ ಆಗ ಮಹಬೂಬನಗರ ಜಿಲ್ಲೆಯಲ್ಲೇ ಇದ್ದವು. ಹೆಸರು ಕೇಳಿ, ಎಷ್ಟು ಚೆನ್ನಾಗಿದೆ: ಕೃಷ್ಣ ಭೀಮ ಸಮೃದ್ಧಿ ಲೋಕಲ್ ಏರಿಯಾ ಬ್ಯಾಂಕ್. ಮಕ್ತಲ್ ಸೀಮೆಯಲ್ಲೇ ಭೀಮೆ ಬಂದು ಕೃಷ್ಣೆಯನ್ನು ಸೇರುವುದು.

ಒಂದು ಎಚ್ಚರವನ್ನೂ ಹೇಳಿಬಿಡುತ್ತೇನೆ. ಹಲಗೆ ಒಂದಿದ್ದರೆ ಹಳ್ಳ ದಾಟಬಹುದು, ಐದಾರು ಹಲಗೆ ತಲೆ ಮೇಲೆ ಹೊತ್ತರೆ ನಡೆಯುವುದೇ ಕಷ್ಟ. ಸಣ್ಣ ಸಾಲ ಕೊಡುವ ಕೆಲವು ಕಂಪನಿಗಳು ಒಂದೇ ಮನೆಗೆ ಸಾಲದ ಮೇಲೆ ಸಾಲ ಕೊಟ್ಟವು. ಒಂದನ್ನು ತೀರಿಸಲು ಇನ್ನೊಂದು ಸಾಲ ಮಾಡಿ ಎಷ್ಟೋ ತಾಯಂದಿರು ನೊಂದರು. 2010ರ ಅಕ್ಟೋಬರಿನಲ್ಲಿ ಆಗಿನ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ತಂದು ಅಂಥ ಕಂಪನಿಗಳಿಗೆ ಕಡಿವಾಣ ಹಾಕಿತು.

ನಿಮ್ಮ ಮನೆಯಲ್ಲಿ ಅಮ್ಮನೋ ಅತ್ತೆಯೋ ಸಂಘದಲ್ಲಿದ್ದರೆ ಇವತ್ತು ಸಂಜೆ ಅವರ ಪಾಸ್‌ಬುಕ್ ತೋರಿಸಲು ಕೇಳಿ. ಮೊದಲ ಪುಟದ ಮೊದಲ ಸಾಲಿನಲ್ಲಿ ಎಷ್ಟು ರೂಪಾಯಿ ಬರೆದಿದೆ, ನೋಡಿ.