ಈರುಳ್ಳಿಯ ನೆಪ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತುಗಳು)



ಶಾಲೆಯ ನೆನಪುಗಳನ್ನು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಅವನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಬೇಕಾದಷ್ಟು ಜನರಿದ್ದಾರೆ. ನಾನು ಮನೆಯ ಮಾತೊಂದನ್ನು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಆರು ವರ್ಷಗಳ ಹಿಂದೆ ನನಗೆ ಖಿನ್ನತೆ ಬಂತು. ಬರೀ ಬೇಸರವಾಗಿದ್ದರೆ ನಾಲ್ಕು ದಿನದಲ್ಲಿ ಹೋಗುತ್ತಿತ್ತು. ಇದು ತಿಂಗಳುಗಟ್ಟಲೆ ಹೋಗಲಿಲ್ಲ. ನಸುಕಿನಲ್ಲೇ ಎಚ್ಚರವಾಗುತ್ತಿತ್ತು, ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಮಗಳಿಗೆ ಜಡೆ ಹಾಕುವುದೂ ದೊಡ್ಡ ಕೆಲಸವೆನಿಸುತ್ತಿತ್ತು. ಆಗ ಅವಳು ನಾಲ್ಕನೇ ತರಗತಿ. ಅವಳೆದುರು ಅಳಬಾರದೆಂದು ಅಡುಗೆಮನೆ ಸೇರುತ್ತಿದ್ದೆ. ಕೇಳಿದರೆ, "ಈರುಳ್ಳಿ ಹೆಚ್ಚುತ್ತಿದ್ದೆ ಕಣೇ" ಎನ್ನುತ್ತಿದ್ದೆ.

ಒಂದು ಸಂಜೆ ಅವಳು, "ಅಮ್ಮಾ, ಮನೇಲಿ ಈರುಳ್ಳೀನೇ ಇಲ್ವಲ್ಲ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಗಣಿತದಲ್ಲಿ ಕಡಿಮೆ ತೆಗೆದೆ ಅಂತ ಅಳ್ತೀಯಾ? ಇನ್ಮೇಲೆ ಚೆನ್ನಾಗಿ ಓದ್ತೀನಿ" ಎಂದಳು.

ನನ್ನ ಕಣ್ಣೀರು ಅವಳಿಗೆ ದಿನವೂ ಕಾಣುತ್ತಿತ್ತು. ಕಾರಣವನ್ನಷ್ಟೇ ನಾನು ಮುಚ್ಚಿಟ್ಟಿದ್ದೆ. ಕಾರಣ ತಿಳಿಯದ ಕೂಸು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿತ್ತು.

ಆ ವಾರವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋದೆ. ಮಾತ್ರೆ ಗುಣ ತೋರಲು ಕೆಲವು ವಾರ ಬೇಕು, ನಡುವೆ ನೀವೇ ನಿಲ್ಲಿಸಬೇಡಿ ಎಂದರು. ಮಗಳಿಗೂ ತಿಳಿಸಿ ಎಂದರು. ಮನೆಗೆ ಬಂದು ಅವಳನ್ನು ಕೂರಿಸಿಕೊಂಡು ಮೂರೇ ಮಾತು ಹೇಳಿದೆ: ಅಮ್ಮನಿಗೆ ಮನಸ್ಸಿನ ಕಾಯಿಲೆ ಬಂದಿದೆ. ಅದು ನಿನ್ನಿಂದ ಬಂದದ್ದಲ್ಲ. ಡಾಕ್ಟರು ಔಷಧಿ ಕೊಟ್ಟಿದ್ದಾರೆ. ಅವಳು, "ಹಾಗಾದ್ರೆ ಗಣಿತದಿಂದ ಅಲ್ವಾ?" ಎಂದು ಮತ್ತೊಮ್ಮೆ ಕೇಳಿ ಆಟಕ್ಕೆ ಓಡಿದಳು.

ಎಲ್ಲವನ್ನೂ ಮಕ್ಕಳ ಮುಂದೆ ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಒಂದು ದಿನ ಅವಳು ಆಟ ಬಿಟ್ಟು ನನ್ನನ್ನು ಕಾಯುತ್ತಾ ಕುಳಿತಿದ್ದಳು. ಆ ಹೊರೆ ಅವಳದಲ್ಲ. ಅಂದಿನಿಂದ ರಾತ್ರಿಯ ಭಯಗಳನ್ನು ತಂಗಿಗೆ ಫೋನ್ ಮಾಡಿ ಹೇಳಿಕೊಂಡೆ. ಮಗಳ ಮೇಲೆ ಸುಮ್ಮನೆ ರೇಗಿದ ದಿನ, ಮಲಗುವ ಮೊದಲು "ತಪ್ಪಾಯ್ತು ಪುಟ್ಟೀ" ಎಂದು ಹೇಳುವುದನ್ನು ಕಲಿತೆ.

ಹಳ್ಳಿಯವರಿಗೆ ಇದಕ್ಕೆಲ್ಲ ದಾರಿ ಎಲ್ಲಿ ಎನ್ನಬೇಡಿ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಿಂದ ಟೆಲಿ ಮನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಯೋಚನೆ ಬಂದರಂತೂ ಒಂದು ಗಳಿಗೆಯೂ ತಡಮಾಡಬೇಡಿ.

ಗುರುಗಳಲ್ಲಿ ಒಂದು ಬಿನ್ನಹ. ಚೆನ್ನಾಗಿ ಓದುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ ಬೈಯುವ ಮೊದಲು, "ಮನೇಲಿ ಎಲ್ಲ ಹುಷಾರಾ?" ಎಂದು ಕೇಳಿ. ಮಕ್ಕಳೇ, ಅಪ್ಪ ಅಮ್ಮ ಅಳುತ್ತಿದ್ದರೆ ಅದು ನಿಮ್ಮ ಅಂಕಗಳಿಂದ ಎಂದುಕೊಳ್ಳಬೇಡಿ. ನಿಮ್ಮ ಮೇಷ್ಟ್ರಿಗೋ ಟೀಚರಿಗೋ ಹೇಳಿ.

ನನ್ನ ಮಗಳು ಈಗ ಇದೇ ಶಾಲೆಯಲ್ಲಿ ಹತ್ತನೇ ತರಗತಿ. ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ ಇದನ್ನು ಹೇಳಿದ್ದೇನೆ. ನಾನು ಈಗಲೂ ಒಮ್ಮೊಮ್ಮೆ ಅಳುತ್ತೇನೆ. ಈರುಳ್ಳಿಯ ನೆಪ ಮಾತ್ರ ಹೇಳುವುದಿಲ್ಲ.